ಹನ್ನೆರಡನೆಯ ಬಿಳಿ ಬಟ್ಟೆ

"ಮುಟ್ಟಬೇಡಿ! ಅದನ್ನ ಮುಟ್ಟಬೇಡಿ! ಮತ ಅದು!"

ರಸ್ತೆಯಿಂದ ಈ ಕೂಗು ಮೇಲೇರಿ ಬಂದಾಗ ಹಲ್ಲಣ್ಣನ ಸೊಂಟದ ಮೇಲಿನ ಭಾಗ ಬಾಲ್ಕನಿಯ ಕಂಬಿಯಿಂದ ಆಚೆಗಿತ್ತು, ಕೆಳಗಿನ ಭಾಗ ಈಚೆಗಿತ್ತು. ಬಾಯಿ ತುಂಬ ಪೇಸ್ಟಿನ ನೊರೆ. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ ತಂತಿಗೆ ನೇತುಬಿದ್ದ ಬಿಳಿ ಬೆಡ್‌ಶೀಟಿನ ಮೂಲೆ. ಎಳೆದರೆ ಕ್ಲಿಪ್ಪು ಬಿಡದು, ಬಿಡೋಣವೆಂದರೆ ಜೀವ ಕೇಳದು.

"ಇದು ಮತ ಅಲ್ಲ ಟೀಚರ್, ಒಗೆದ ಬಟ್ಟೆ!" ಎಂದು ಅವನು ಕೂಗಿದ. ಕೂಗಿನಲ್ಲಿ ಮಾತಿಗಿಂತ ನೊರೆಯೇ ಹೆಚ್ಚಿತ್ತು. ಅದರದೊಂದು ತೊಟ್ಟು ಮೂರು ಮಹಡಿ ಇಳಿದು, ಕೆಳಗೆ ನಿಂತಿದ್ದ ಲೆಕ್ಕದ ಟೀಚರ ಪುಸ್ತಕದ ಮೇಲೆ, ಸರಿಯಾಗಿ 'ಬಿಳಿ' ಎಂಬ ಕಾಲಮ್ಮಿನಲ್ಲೇ ಬಿತ್ತು.

ಟೀಚರು ಕೈಗಡಿಯಾರ ನೋಡಿಕೊಂಡರು. "ಒಂಬತ್ತು ಗಂಟೆ ಒಂದು ನಿಮಿಷ. ಒಂಬತ್ತಕ್ಕೆ ತಂತಿ ಮೇಲೆ ಏನಿತ್ತೋ ಅದೇ ಲೆಕ್ಕ. ಹದಿನಾರನೇ ಮನೆ, ಬಿಳಿ. ಒಟ್ಟು ಹನ್ನೆರಡು." ಹಾಗೆಂದು ಬರೆದರು. ನೊರೆ ಒರೆಸಿ ಮತ್ತೊಮ್ಮೆ ಬರೆದರು.

ಹನ್ನೆರಡು ಅಂದರೆ ಕಟ್ಟಡ ಬಿತ್ತು ಅಂತಲೇ ಅರ್ಥ.

ಹಾಗೆ ನೋಡಿದರೆ ಆ ಕಟ್ಟಡ ಯಾರ ಮತಕ್ಕೂ ಕಾಯದೆ ದಿನಕ್ಕಿಷ್ಟು ಬೀಳುತ್ತಲೇ ಇತ್ತು. ನಾಲ್ಕು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ. ಕಂಬಗಳಲ್ಲಿ ತುಕ್ಕು ಹಿಡಿದ ಕಬ್ಬಿಣ ಹೊರಗೆ ಇಣುಕುತ್ತಿತ್ತು. ಗೋಡೆಗಳ ಮೇಲೆ ತೇವದ ಕಲೆಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ, ಈಗ ಒಂದು ಮನೆಯ ಕಲೆ ಪಕ್ಕದ ಮನೆಯ ಕಲೆಯ ಕೈ ಹಿಡಿದುಕೊಂಡಿತ್ತು. ಮನೆಯವರು ಮಾತು ಬಿಟ್ಟಿದ್ದರೂ ಕಲೆಗಳು ಬಿಟ್ಟಿರಲಿಲ್ಲ. ಹಲ್ಲು ಕಟ್ಟುವ ಕಸುಬಿನ ಹಲ್ಲಣ್ಣನಿಗೆ ರಸ್ತೆಯಾಚೆ ನಿಂತು ನೋಡಿದಾಗಲೆಲ್ಲ ಅದೊಂದು ಹುಳುಕು ದವಡೆಯಂತೆ ಕಾಣುತ್ತಿತ್ತು. ಕೀಳಬೇಕಾದ ಹಲ್ಲೇ. ಅದನ್ನು ಅವನೂ ಒಪ್ಪುತ್ತಿದ್ದ. ಆದರೆ ಆ ಹಲ್ಲಿನೊಳಗೆ ಅವನ ಅಕ್ಕ ಇದ್ದಳು.

ಇದನ್ನು ಕೆಡವಿ ಹನ್ನೆರಡು ಅಂತಸ್ತಿನ ಹೊಸದನ್ನು ಕಟ್ಟಿಕೊಡುತ್ತೇವೆ, ಅಲ್ಲಿಯವರೆಗೆ ಎರಡು ವರ್ಷ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆ ಮನೆಗಳಲ್ಲಿ ಇರಿಸುತ್ತೇವೆ ಎಂದು ಬಿಲ್ಡರ್ ಕಡೆಯಿಂದ ಒಬ್ಬ ಬಂದಿದ್ದ. ಯಾವ ಸೆಕೆಯಲ್ಲೂ ಟೈ ಸಡಿಲಿಸದ ಅವನನ್ನು ಎಲ್ಲರೂ 'ಟೈ' ಎಂದೇ ಕರೆಯುತ್ತಿದ್ದರು. ಹದಿನಾರರಲ್ಲಿ ಹನ್ನೆರಡು ಮನೆ ಒಪ್ಪಬೇಕು. ಇವತ್ತು ಸಂಜೆ ಆರಕ್ಕೆ ಅವನು ಕಾಗದ ಒಯ್ಯಲು ಬರುತ್ತಾನೆ. ಹನ್ನೆರಡಿಲ್ಲದಿದ್ದರೆ ಬೇರೆ ಕಟ್ಟಡ ನೋಡಿಕೊಳ್ಳುತ್ತಾನೆ, ಮನೆಯವರ ಸಂಘದ ನಿಯಮದ ಪ್ರಕಾರ ಮತ್ತೆ ಐದು ವರ್ಷ ಆ ಮಾತೇ ಎತ್ತುವಂತಿಲ್ಲ.

ಬಟ್ಟೆಯಲ್ಲಿ ಮತ ಹಾಕುವುದಕ್ಕೂ ಒಂದು ಇತಿಹಾಸವಿತ್ತು. ಮೊದಲು ಚೀಟಿ ಇತ್ತು. ಒಂದು ಸಲ ಹದಿನಾರು ಮನೆಯಿಂದ ಹತ್ತೊಂಬತ್ತು ಚೀಟಿ ಬಂದವು. ಆಮೇಲೆ ಕೈ ಎತ್ತುವುದೆಂದಾಯಿತು. ಇಬ್ಬರು ಎರಡೆರಡು ಕೈ ಎತ್ತಿದರು, ಒಬ್ಬರು ಎತ್ತಿದ ಕೈಯನ್ನು ಪಕ್ಕದವರ ಕೆನ್ನೆಯ ಮೇಲೆ ಇಳಿಸಿದರು. ಕೊನೆಗೆ ಲೆಕ್ಕದ ಟೀಚರು ಕಾರ್ಯದರ್ಶಿಯಾಗಿ ಈ ಪದ್ಧತಿ ತಂದರು: ಬೆಳಗ್ಗೆ ಒಂಬತ್ತರೊಳಗೆ ಪ್ರತಿ ಮನೆಯೂ ಮುಂದಿನ ಬಾಲ್ಕನಿಯ ತಂತಿಗೆ ಒಂದೇ ಒಂದು ಬಟ್ಟೆ ಹಾಕಬೇಕು. ಕೆಡವಲು ಬಿಳಿ, ಉಳಿಸಲು ಬಣ್ಣ. ಬೀದಿಗೇ ಕಾಣುವುದರಿಂದ ಮೋಸಕ್ಕೆ ಎಡೆಯಿಲ್ಲ. ಕೆನೆ ಬಣ್ಣ ಬಿಳಿಯೋ ಅಲ್ಲವೋ, ಬನಿಯನ್ನು ಬಟ್ಟೆಯೋ ಅಲ್ಲವೋ ಎಂಬ ಎರಡು ಪ್ರಶ್ನೆಗಳು ಮಾತ್ರ ಎರಡು ತಿಂಗಳು ತಿಂದವು.

ಹಲ್ಲಣ್ಣ ನೀಲಿ ಟವೆಲೊಂದನ್ನು ರಾತ್ರಿಯೇ ಬಾಲ್ಕನಿ ಬಾಗಿಲ ಬಳಿಯ ಕುರ್ಚಿಯ ಮೇಲೆ ಇಟ್ಟಿದ್ದ. ಬೆಳಗ್ಗೆ ಎದ್ದು ಹಾಕಿದರಾಯಿತು. ಎದ್ದಾಗ ಎಂಟು ಮುಕ್ಕಾಲು. ಹಲ್ಲುಜ್ಜುತ್ತ ಬಂದು ನೋಡಿದರೆ ಕುರ್ಚಿ ಖಾಲಿ, ತಂತಿಯ ತುಂಬ ಬಿಳಿ.

"ಅಕ್ಕಾ! ಬೆಡ್‌ಶೀಟು ಇಲ್ಯಾಕೆ ಹಾಕ್ದೆ? ಹಿಂದಿನ ಕಡೆ ತಾನೇ ಒಣಗಿಸೋದು?"

ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಹನ್ನೊಂದು ವರ್ಷದಿಂದ ಅವಳಿಗೆ ಕಣ್ಣು ಕಾಣದು. "ಅದು ಏನಾಯ್ತಂದ್ರೆ..." ಎಂದು ಶುರುಮಾಡಿದಳು.

"ಇರ್ಲಿ ಬಿಡು. ಪಾಪ, ನಿಂಗೇನು ಗೊತ್ತು. ನೀ ಸುಮ್ನಿರು, ನಾ ಸರಿಮಾಡ್ತೀನಿ."

"ಅಲ್ವೋ, ನಾನು..."

"ನೀ ಸುಮ್ನಿರಕ್ಕಾ!"

ಅಂಗಿ ಸಿಕ್ಕಿಸಿಕೊಂಡು, ಹೊರಗಿನಿಂದ ಚಿಲಕ ಹಾಕಿ, ಅವನು ಮೆಟ್ಟಿಲಿಳಿದು ಓಡಿದ. ಚಿಲಕ ಹಾಕುವುದು ನಾಲ್ಕು ವರ್ಷದಿಂದ ಬಂದ ಅಭ್ಯಾಸ. ಒಮ್ಮೆ ಅಕ್ಕ ಮೆಟ್ಟಿಲಲ್ಲಿ ಜಾರಿ ಮೊಣಕಾಲು ತರಚಿಕೊಂಡಿದ್ದಳು. ಅವಳ ಒಳ್ಳೆಯದಕ್ಕೇ ಅದು. ಆ ಮನೆಯೊಳಗಾದರೆ ಅವಳಿಗೆ ಭಯವಿಲ್ಲ. ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ, ಬಚ್ಚಲಿಂದ ಒಲೆಗೆ ಹದಿಮೂರು. ಕಣ್ಣಿದ್ದ ಹಲ್ಲಣ್ಣನೇ ವಾರಕ್ಕೊಮ್ಮೆ ಮಂಚದ ಕಾಲಿಗೆ ಹೆಬ್ಬೆರಳು ಬಡಿದುಕೊಳ್ಳುತ್ತಿದ್ದ, ಅವಳು ಒಮ್ಮೆಯೂ ಎಡವಿದವಳಲ್ಲ. ಇಂಥವಳನ್ನು ಎತ್ತಿ ಬೇರೆ ಮನೆಯಲ್ಲಿಟ್ಟರೆ ನೀರಿನಿಂದ ತೆಗೆದ ಮೀನೇ. ಅದು ನಡೆಯಬಾರದು.

ಕೆಳಗೆ ಟೀಚರ ಮುಂದೆ ಅವನು ಕೈ ಜೋಡಿಸಿದ. "ಟೀಚರ್, ಕಣ್ಣು ಕಾಣದೋರು ಒಣಗಿಸೋಕೆ ಹಾಕಿದ್ದು. ತೆಗೆದು ನೀಲಿ ಹಾಕ್ಬಿಡ್ತೀನಿ. ಒಂದೇ ಒಂದು ನಿಮಿಷ ಲೇಟು."

"ಒಂದು ನಿಮಿಷ ಲೇಟಾಗಿ ಬಂದ ಉತ್ತರಪತ್ರಿಕೆ ನಾನು ತಗೊಂಡಿದೀನಾ ಮೂವತ್ತು ವರ್ಷದಲ್ಲಿ?"

"ಹಾಗಾದ್ರೆ ದಾರಿನೇ ಇಲ್ವಾ?"

"ಇದೆ. ಮರು ಎಣಿಕೆ." ಟೀಚರು ಪುಸ್ತಕದ ಹಿಂಬದಿಯ ನಿಯಮಗಳ ಪುಟ ತಿರುವಿದರು. "ತಪ್ಪಿನಿಂದ ಹಾಕಿದ ಬಟ್ಟೆ ಅಂತ ಸಾಬೀತಾದ್ರೆ, ಅದೇ ದಿನ ಸಂಜೆ ಆರರೊಳಗೆ, ಅಧ್ಯಕ್ಷರು ಮೆಟ್ಟಿಲ ಮೇಲೆ ನಿಂತು, ಎಲ್ಲರೂ ಕೇಳೋ ಹಾಗೆ, ಸ್ವಂತ ಬಾಯಿಂದ 'ಮರು ಎಣಿಕೆ' ಅಂತ ಘೋಷಿಸಬೇಕು. ಬರವಣಿಗೆಯಲ್ಲಿ ನಡೆಯಲ್ಲ. ಹಿಂದಿನ ಕಾರ್ಯದರ್ಶಿ ಅಧ್ಯಕ್ಷರ ಸಹಿ ಅವರಿಗಿಂತ ಚೆನ್ನಾಗಿ ಹಾಕ್ತಿದ್ದ."

ಸ್ವಂತ ಬಾಯಿ ಎಂಬುದರಲ್ಲೇ ತೊಡಕಿತ್ತು. ಅಧ್ಯಕ್ಷರ ಬಾಯಿಯ ಕೆಳಗಿನ ಅರ್ಧ ಅವನ ಲ್ಯಾಬಿನಲ್ಲಿತ್ತು. ಕೆಳದವಡೆಯ ಹಲ್ಲು ಸೆಟ್ಟು ಬಿರುಕುಬಿಟ್ಟಿದೆಯೆಂದು ಮೊನ್ನೆಯಷ್ಟೇ ಕರವಸ್ತ್ರದಲ್ಲಿ ಸುತ್ತಿ ಕೊಟ್ಟಿದ್ದರು.

ತಿರುಗುವಷ್ಟರಲ್ಲಿ ಕೆಳಮನೆಯ ಔಷಧಿ ಅಂಗಡಿಯವರು ದಾರಿ ಅಡ್ಡಗಟ್ಟಿದರು. ಕಟ್ಟಡ ಉಳಿಸುವ ಪಕ್ಷಕ್ಕೆ ಅವರೇ ನಾಯಕರು. ಮನೆಯ ಮುಂದಿನ ಕೋಣೆಯೇ ಅಂಗಡಿ, ಮೇಲಿನ ಮನೆಗಳ ಕೆಮ್ಮೇ ವ್ಯಾಪಾರ. ಅವರ ತಂತಿಯ ಮೇಲೆ ರಕ್ತಗೆಂಪಿನ ಕಂಬಳಿಯೊಂದು ಯುದ್ಧದ ಬಾವುಟದಂತೆ ಹಾರುತ್ತಿತ್ತು.

"ಬನ್ನಿ ಹಲ್ಲಣ್ಣ, ಬನ್ನಿ. ಏನ್ ಕೊಡ್ತೀನಿ ಅಂದ ಆ ಟೈ? ಮೂಲೆ ಮನೆನಾ? ಎರಡು ಬಾಲ್ಕನಿನಾ?"

"ನಿಮ್ಮಾಣೆ, ಅದು ಅಕ್ಕ ಒಗೆದು ಹಾಕಿದ ಬೆಡ್‌ಶೀಟು."

"ಓಹೋ. ಇಷ್ಟು ವರ್ಷ ಹಿಂದಿನ ಬಾಲ್ಕನೀಲಿ ಒಣಗ್ತಿದ್ದ ಬೆಡ್‌ಶೀಟು ಇವತ್ತೇ ಮುಂದಿನ ಬಾಲ್ಕನಿಗೆ ನಡ್ಕೊಂಡು ಬಂತು! ನಿನ್ನೆ ರಾತ್ರಿ ನನ್ನ ಕೈ ಹಿಡ್ಕೊಂಡು 'ನೀಲಿ ಟವೆಲ್ ರೆಡಿ ಸಾರ್' ಅಂದ್ರಿ. ಆ ಕೈ ಇನ್ನೂ ತೊಳೆದಿಲ್ಲ ನಾನು. ಈಗ ತೊಳ್ಕೋತೀನಿ."

ಸಂಜೆಯೊಳಗೆ ಮರು ಎಣಿಕೆ ಮಾಡಿಸಿ ಎಲ್ಲ ಸರಿಮಾಡುತ್ತೇನೆಂದು ಹೇಳಿ ಹಲ್ಲಣ್ಣ ಅಧ್ಯಕ್ಷರ ಮನೆಗೆ ಮೆಟ್ಟಿಲೇರಿದ.

ಅಧ್ಯಕ್ಷರು ಸೋಫಾದಲ್ಲಿ ಬಾಯಿಗೆ ಕರವಸ್ತ್ರ ಹಿಡಿದು ಕೂತಿದ್ದರು. ತೂಕ ಅಳತೆ ಇಲಾಖೆಯಲ್ಲಿ ಊರನ್ನೆಲ್ಲ ನಡುಗಿಸಿದ್ದ ಧ್ವನಿ ಈಗ ಗಾಳಿ ಹೋದ ಟ್ಯೂಬಿನ ಹಾಗಿತ್ತು. ವ್ಯಂಜನಗಳೆಲ್ಲ ಜಾರಿ ಸ್ವರಗಳಷ್ಟೇ ಹೊರಬರುತ್ತಿದ್ದವು. ಹೆಂಡತಿ ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದರು.

ಹಲ್ಲಣ್ಣ ವಿಷಯವೆಲ್ಲ ಒದರಿದ. ಅಧ್ಯಕ್ಷರು ಉದ್ದಕ್ಕೆ ಏನೋ ಅಂದರು.

"ಮೊದ್ಲು ಹಲ್ಲು ತಗೊಂಬನ್ನಿ ಅಂತಿದಾರೆ."

"ಅಷ್ಟೇನಾ? ತುಂಬಾ ಹೊತ್ತು ಮಾತಾಡಿದ್ರಲ್ಲಮ್ಮ?"

"ಮಿಕ್ಕಿದ್ದು ನಿಮ್ಮನ್ನ ಬೈದಿದ್ದು. ಎರಡು ದಿನದಿಂದ ಗಂಜಿ ಕುಡೀತಿದಾರೆ. ಈ ಮನೇಲಿ ಇಷ್ಟು ನೆಮ್ಮದಿ ನಾನು ಕಂಡಿರ್ಲಿಲ್ಲ. ಇದು ಅವ್ರು ಹೇಳಿದ್ದಲ್ಲ, ನಂದು." ಬಾಗಿಲವರೆಗೂ ಬಂದು ಆಕೆ ದನಿ ತಗ್ಗಿಸಿದರು. "ನಿಧಾನಕ್ಕೇ ಮಾಡಿ ಹಲ್ಲಣ್ಣ, ಅವಸರ ಏನಿಲ್ಲ."

ಗೇಟಿನ ಬಳಿ ಬರುವಾಗ ಹತ್ತೂವರೆ. ಅಲ್ಲಿ ಟೈ ನಿಂತಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಹಲ್ಲಣ್ಣ ಅವ್ರೇ! ನಮ್ಮ ಹನ್ನೆರಡನೆಯವರು!" ಎಂದು ಅವನು ಬಾಚಿ ತಬ್ಬಿದ. ಹಲ್ಲಣ್ಣ ಬಿಡಿಸಿಕೊಳ್ಳಲು ಕೊಸರಿದ್ದು ದೂರದಿಂದ ಪ್ರೀತಿಯಿಂದ ಓಲಾಡಿದಂತೆ ಕಂಡಿತು. ಟೈ ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿ ಫೋಟೋ ತೆಗೆದ. ಹಲ್ಲಣ್ಣ ಬಸ್ಸಿಗೆ ಕಾಯುವಷ್ಟರಲ್ಲಿ ಆ ಚಿತ್ರ ಕಟ್ಟಡದ ವಾಟ್ಸಾಪ್ ಗುಂಪಿಗೆ ಬಂತು: ಟೈಯ ಎದೆಗೊರಗಿದ ಹಲ್ಲಣ್ಣ, ಹಿಂದೆ ಅಂಗಡಿಯ ಬಾಗಿಲಲ್ಲಿ ಕೈ ತೊಳೆಯುತ್ತಿರುವ ಔಷಧಿಯವರು. ಕೆಳಗೆ ಬರಹ, 'ಹೊಸ ಬದುಕಿಗೆ ಸ್ವಾಗತ'.

ಲ್ಯಾಬು ಎಂಬುದು ಒಂದು ಕಿಟಕಿಯಿಲ್ಲದ ಕೋಣೆ. ಗೋಡೆಗುಂಟ ಗಚ್ಚಿನ ದವಡೆಗಳು ಸಾಲಾಗಿ ಕೂತು ಯಾರೋ ಹೇಳಿದ ಹಳಸಲು ಜೋಕಿಗೆ ನಗುತ್ತಿರುವಂತಿದ್ದವು. ಹಲ್ಲಣ್ಣ ಅಧ್ಯಕ್ಷರ ಸೆಟ್ಟು ತೆಗೆದ. ಬಿರುಕು ಮುಂದಿನ ಎರಡು ಹಲ್ಲುಗಳ ನಡುವಿಂದ ನೇರ ಕೆಳಕ್ಕೆ ಓಡಿತ್ತು. ಬಿರುಕನ್ನು ಅರದಿಂದ ಅಗಲಿಸಿ, ಒಸಡಿನ ಬಣ್ಣದ ಗುಲಾಬಿ ಪುಡಿಯನ್ನು ಅದರ ದ್ರವದಲ್ಲಿ ಕಲಸಿ ತುಂಬಿ, ಬಿಸಿನೀರಿನ ಡಬ್ಬಿಯಲ್ಲಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಪಾಲಿಷ್ ಮಾಡಬೇಕು. ಅವಸರಿಸಿದರೆ ಅದು ಮೇಲೆ ಗಟ್ಟಿ, ಒಳಗೆ ಹಿಟ್ಟು.

ಕೆಲಸ ಶುರುಮಾಡಿದ್ದೇ ತಡ, ಮೊಬೈಲು ಗುಂಯ್‌ಗುಟ್ಟತೊಡಗಿತು. ಔಷಧಿಯವರಿಗೆ ಅವನು 'ಮರು ಎಣಿಕೆ ಮಾಡಿಸುತ್ತೇನೆ' ಎಂದದ್ದು ಈಗ ಕೆಡವುವ ಪಕ್ಷದವರ ಕಿವಿಗೂ ಬಿದ್ದಿತ್ತು. ಎರಡನೇ ಮಹಡಿಯವರೊಬ್ಬರು ಬರೆದಿದ್ದರು: 'ಅಧ್ಯಕ್ಷರ ಹಲ್ಲನ್ನು ಒತ್ತೆ ಇಟ್ಟುಕೊಂಡು ಮರು ಎಣಿಕೆಗೆ ಬೆದರಿಸುತ್ತಿದ್ದಾನಂತೆ.' ಅದರ ಕೆಳಗೆ ಇನ್ನೊಬ್ಬರು: 'ಮೊನ್ನೆ ನಮ್ಮತ್ತೆಯ ಹಲ್ಲೂ ಅವನ ಹತ್ತಿರವೇ ಇತ್ತು. ಇದು ಬಹಳ ದಿನದ ಸಂಚು.' ಉಳಿಸುವ ಪಕ್ಷದವರು ಅವನನ್ನು ಮಾರಿಕೊಂಡವನೆಂದರೆ, ಕೆಡವುವ ಪಕ್ಷದವರು ಅಪಹರಣಕಾರ ಎಂದರು. ಒಂದೇ ಮುಂಜಾನೆಯಲ್ಲಿ ಅವನು ಹದಿನೈದು ಮನೆಗಳನ್ನೂ ಒಂದುಮಾಡಿದ್ದ. ಸಂಘದ ಚರಿತ್ರೆಯಲ್ಲಿ ಯಾರಿಂದಲೂ ಆಗದ ಕೆಲಸ ಅದು.

ಅಷ್ಟರಲ್ಲಿ ಲ್ಯಾಬಿನ ಯಜಮಾನರು ಬಂದು ಬೇರೊಬ್ಬರ ತುರ್ತು ಸೆಟ್ಟಿನ ಕೆಲಸ ಹಚ್ಚಿದರು. "ಸಂಜೆ ಅವ್ರ ಮಗಳ ನಿಶ್ಚಯ ಇದೆಯಂತೆ, ನಗಬೇಕಂತೆ." ಅದನ್ನು ಮುಗಿಸುವಾಗ ಮೂರೂಕಾಲು. ಅಧ್ಯಕ್ಷರದು ಬಿಸಿನೀರಿಗೆ ಇಳಿದದ್ದು ಮೂರೂವರೆಗೆ. ಅರ್ಧ ಗಂಟೆ ಇರಬೇಕಿತ್ತು. ಹತ್ತು ನಿಮಿಷಕ್ಕೆ ತೆಗೆದು, ಒರೆಸಿ, ಜೇಬಿಗೆ ಹಾಕಿಕೊಂಡು ಹಲ್ಲಣ್ಣ ಓಡಿದ. ಬಸ್ಸಿನಲ್ಲಿ ನೂಕುನುಗ್ಗಲು. ದಾರಿಯುದ್ದಕ್ಕೂ ಅಧ್ಯಕ್ಷರ ಹಲ್ಲು ಅವನ ತೊಡೆ ಕಚ್ಚುತ್ತಿತ್ತು.

ಸಂಘದ ಸಭೆ ಯಾವಾಗಲೂ ಮೆಟ್ಟಿಲ ಮೇಲೆಯೇ. ಯಾರೂ ಯಾರ ಮನೆಗೂ ಹೋಗದ ಕಾರಣ, ಅವರವರ ಮಹಡಿಯ ಮೆಟ್ಟಿಲ ಮೇಲೆ ಅವರವರು ಕೂತು ಕಂಬಿಯ ಸಂದಿನಲ್ಲಿ ಕೆಳಗೋ ಮೇಲಕ್ಕೋ ಕೂಗಿಕೊಳ್ಳುತ್ತಿದ್ದರು. ಬಾವಿಯೊಳಗೆ ಆಡಿದಂತೆ ಒಂದೊಂದು ಮಾತೂ ಮೇಲಿನ ಮಹಡಿಯ ತಾರಸಿಗೆ ಬಡಿದು ಹಿಂದಿರುಗುತ್ತಿತ್ತು. ಬಲ್ಬು ಉರಿಯದ ಆ ಕತ್ತಲಲ್ಲಿ ಹಲ್ಲಣ್ಣ ಕೆಳಗೆ ನಿಂತು ತಲೆ ಎತ್ತಿದರೆ ಕಂಬಿಗಳ ನಡುವೆ ಬರೀ ಮೊಣಕಾಲುಗಳು ಕಂಡವು. ಒಂದು ಮೊಣಕಾಲಲ್ಲೂ ಕರುಣೆ ಇರಲಿಲ್ಲ.

"ಮೊದಲು ಕಾರಣ," ಎಂದರು ಟೀಚರು. "ತಪ್ಪಿನಿಂದ ಹಾಕಿದ್ದು ಅನ್ನೋಕೆ ಏನು ಆಧಾರ?"

"ಅಕ್ಕನಿಗೆ ಕಣ್ಣು ಕಾಣಲ್ಲ ಟೀಚರ್. ನಿಮಗೆಲ್ಲ ಗೊತ್ತೇ ಇದೆ."

"ಕಣ್ಣು ಕಾಣಲ್ಲ, ಸರಿ. ಆದ್ರೆ ಅಡುಗೆ ಮಾಡೋದು ಯಾರು? ಬಟ್ಟೆ ಒಗೆಯೋದು ಯಾರು? ಅವ್ರೇ ತಾನೇ. ಗೊತ್ತಿದ್ದೇ ಹಾಕಿರಬಹುದಲ್ಲ?"

"ಅಯ್ಯೋ, ಅವ್ರನ್ನೇ ಒಂದು ಮಾತು ಕೇಳಿದ್ರೆ ಆಯ್ತಲ್ರೀ," ಎಂದಿತು ಎರಡನೇ ಮಹಡಿಯ ಮೊಣಕಾಲೊಂದು.

ಅಧ್ಯಕ್ಷರ ಹೆಂಡತಿಯೂ ಹೌದೆಂದರು. ಟೀಚರು ಎದ್ದು ನಿಂತರು. ಹಲ್ಲಣ್ಣನಿಗೆ ಸಮಯ ಕೈ ಜಾರುತ್ತಿರುವುದು ಕಾಣಿಸಿತು. ಐದಾಗಿತ್ತು. ಕಣ್ಣಿಲ್ಲದ ಮುದುಕಿಯನ್ನು ಇವರೆಲ್ಲ ಸುತ್ತುಗಟ್ಟಿ ಪ್ರಶ್ನೆ ಕೇಳಿದರೆ ಅವಳು ಗಾಬರಿಯಲ್ಲಿ ಏನಾದರೊಂದು ಹೇಳಿಬಿಟ್ಟರೆ?

"ಕೇಳ್ಬೇಡಿ!" ಎಂದು ಅವನು ಕೂಗಿದ. ತಾರಸಿ ಅದನ್ನು ಎರಡು ಸಲ ಕೂಗಿತು. "ಏನಂತ ಕೇಳ್ತೀರ ಅವಳನ್ನ? ಅವಳಿಗೆ ಕಪ್ಪು ಯಾವುದು ಬಿಳುಪು ಯಾವುದು ಗೊತ್ತಿಲ್ಲ. ಮತ ಅಂದ್ರೇನು, ಕಟ್ಟಡ ಅಂದ್ರೇನು, ಒಂದೂ ಗೊತ್ತಾಗಲ್ಲ. ಮಗು ಥರ ಕಣ್ರೀ ಅವಳು! ಕೈಗೆ ಏನು ಸಿಕ್ತೋ ಅದನ್ನ ತಂತಿಗೆ ಹಾಕ್ತಾಳೆ. ಆ ನಾಲ್ಕು ಗೋಡೆ ಬಿಟ್ರೆ ಅವಳಿಗೆ ಪ್ರಪಂಚಾನೇ ಇಲ್ಲ. ಮುಟ್ಟಿ ಮುಟ್ಟಿ ಸವೆಸಿದಾಳೆ ಆ ಗೋಡೇನ. ಬೇರೆ ಕಡೆ ಕರ್ಕೊಂಡು ಹೋದ್ರೆ ಒಂದು ವಾರ ಉಳಿಯಲ್ಲ. ಅವಳ ಪರವಾಗಿ ಯೋಚನೆ ಮಾಡೋಕೆ ನಾನೊಬ್ಬನೇ ಇರೋದು..."

ಇಷ್ಟು ಚೆನ್ನಾಗಿ ತಾನು ಮಾತಾಡಬಲ್ಲೆನೆಂದು ಅವನಿಗೇ ತಿಳಿದಿರಲಿಲ್ಲ. ಮೇಲೆ ಯಾರೋ ಮೂಗು ಸೀಟಿದರು. ಟೀಚರು ಕನ್ನಡಕ ತೆಗೆದು ಒರೆಸಿ, ಮೆಟ್ಟಿಲ ಮೇಲೆ ಮತ್ತೆ ಕೂತು, "ಆಧಾರ ಸಾಕು" ಎಂದು ಬರೆದರು. ಔಷಧಿಯವರು ಬಂದು ಅವನ ಕೈ ಹಿಡಿದುಕೊಂಡರು. ಕೈ ಸೋಪಿನ ವಾಸನೆ ಹೊಡೆಯುತ್ತಿತ್ತು.

ಈಗ ಅಧ್ಯಕ್ಷರು. ಹಲ್ಲಣ್ಣ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಿರೀಟದಂತೆ ಅರ್ಪಿಸಿದ. ಅಧ್ಯಕ್ಷರು ಗೋಡೆಗೆ ತಿರುಗಿ ಕೂರಿಸಿಕೊಂಡು, ಈಚೆ ತಿರುಗಿ, ಎದೆಯುಬ್ಬಿಸಿದರು. ತೂಕ ಅಳತೆ ಇಲಾಖೆಯ ಧ್ವನಿ ಮೂರು ಮಹಡಿ ತುಂಬಿತು.

"ಮರು... ಎಣಿಕೆ!"

ಎರಡನೇ ಪದದ ಮೇಲೆ ಟಪ್ಪೆಂದಿತು. ಅಧ್ಯಕ್ಷರ ಬಾಯಿಂದ ಅರ್ಧ ದವಡೆ ಹಾರಿ, ಟಕ್ ಟಕ್ ಟಕ್ ಎಂದು ಮೆಟ್ಟಿಲಿಳಿಯುತ್ತ ಹೋಗಿ, ಬಾಗಿಲ ಬಳಿಯ ಚಪ್ಪಲಿಯೊಂದರಲ್ಲಿ ನಿಂತಿತು. ಉಳಿದರ್ಧವನ್ನು ಅವರು ಕೈಯಲ್ಲಿ ಹಿಡಿದು ಏನೋ ಬಹಳ ಹೇಳಿದರು.

"ಇದನ್ನ ನಾನು ಹೇಳಲ್ಲ," ಎಂದರು ಹೆಂಡತಿ.

"ಎರಡೂ ಪದ ಪೂರ್ತಿ ಬಂದಿದೆ," ಟೀಚರು ತೀರ್ಪು ಕೊಟ್ಟರು. "ಹಲ್ಲು ಬಿದ್ದದ್ದು ಪದ ಮುಗಿದ ಮೇಲೆ. ಐದೂವರೆಗೆ ಎಲ್ಲರೂ ಮತ್ತೆ ಬಟ್ಟೆ ಹಾಕಿ."

ಹಲ್ಲಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೇರಿ ಚಿಲಕ ತೆಗೆದ. ಅಕ್ಕ ಬಾಗಿಲ ಹಿಂದೆಯೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅವನು ಅವಳನ್ನು ದಾಟಿ ಕೋಣೆಯಿಂದ ಕೋಣೆಗೆ ಓಡಿದ. ಕುರ್ಚಿಯ ಕೆಳಗೆ ನೋಡಿದ, ಮಂಚದ ಹಿಂದೆ ನೋಡಿದ.

"ಏನು ಹುಡುಕ್ತಿದೀಯ?"

"ನೀಲಿ ಟವೆಲು."

"ಬೀರುವಿನ ಕೆಳಗಿನ ಅರೆ. ಎಡಗಡೆ, ನಿನ್ನ ಬೂದು ಪ್ಯಾಂಟಿನ ಕೆಳಗೆ."

ಅಲ್ಲೇ ಇತ್ತು. ಮಡಚಿ ಇಟ್ಟಿತ್ತು. "ಬದುಕಿದೆ," ಎಂದು ಹಲ್ಲಣ್ಣ ಅದನ್ನು ಕಿತ್ತುಕೊಂಡು ಬಾಲ್ಕನಿಗೆ ಓಡಿದ.

"ಸ್ವಲ್ಪ ನಿಲ್ತೀಯೇನೋ?" ಎಂದಳು ಅಕ್ಕ ಹಿಂದಿನಿಂದ.

"ಆಮೇಲಕ್ಕಾ, ಆಮೇಲೆ!"

ಬೆಡ್‌ಶೀಟು ಇಳಿಯಿತು, ಟವೆಲು ಏರಿತು. ಮೋಡ ಕವಿದ ಆಕಾಶದ ಕೆಳಗೆ ಆ ಬೂದು ಗೋಡೆಯ ಮೇಲೆ ಹದಿನಾರು ಬಟ್ಟೆಗಳು ನೇತಾಡಿದವು, ಯಾರದೋ ಸಾವಿಗೆ ಬಂದು, ಮಿಂದು, ಒಣಗಲು ನಿಂತ ನೆಂಟರಂತೆ. ಟೀಚರು ಬೆರಳು ಮಡಿಸುತ್ತ ಎಣಿಸಿದರು. ಎರಡು ಸಲ ಎಣಿಸಿದರು.

"ಬಿಳಿ ಹನ್ನೊಂದು. ಬಿದ್ದುಹೋಯ್ತು."

ಬಿದ್ದದ್ದು ಠರಾವು, ಉಳಿದದ್ದು ಕಟ್ಟಡ. ಟೈ ಆರು ಗಂಟೆಗೆ ಬಂದು ಪುಸ್ತಕ ನೋಡಿ, ಮೊದಲ ಬಾರಿಗೆ ಟೈ ಸಡಿಲಿಸಿ, ಬೆಳಗಿನ ಫೋಟೋವನ್ನು ಅಳಿಸಿ ಹೊರಟುಹೋದ. ಕೆಡವುವ ಪಕ್ಷದ ಹನ್ನೊಂದು ಮನೆಯವರು ಹಲ್ಲಣ್ಣನನ್ನು ಕಂಡು ಮುಖ ತಿರುಗಿಸಿದರು. ಹೊಸ ಕಟ್ಟಡ, ಲಿಫ್ಟು, ಸೋರದ ಬಚ್ಚಲು ಎಲ್ಲವನ್ನೂ ಒಂದು ಟವೆಲಿನಲ್ಲಿ ಒರೆಸಿಹಾಕಿದವನು ಅವನು. ಉಳಿಸುವ ಪಕ್ಷದ ನಾಲ್ಕು ಮನೆಯವರು ಬೆನ್ನು ತಟ್ಟಿದರಾದರೂ, ತಟ್ಟುವಾಗ ಬಾಲ್ಕನಿಯ ಸಿಮೆಂಟಿನ ಚಕ್ಕೆಯೊಂದು ಕಳಚಿ ಪಕ್ಕದಲ್ಲೇ ಬಿದ್ದದ್ದರಿಂದ ಸಂಭ್ರಮ ಬೇಗ ಮುಗಿಯಿತು.

ಹಲ್ಲಣ್ಣನಿಗೆ ಅದೊಂದರಿಂದಲೂ ನೋವಾಗಲಿಲ್ಲ. ಹಗಲೆಲ್ಲ ಬೈಸಿಕೊಂಡದ್ದು ಸಾರ್ಥಕ ಎನಿಸಿತು. ಮೆಟ್ಟಿಲೇರುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಅವನು ದೀಪ ಹಾಕಿದ. ಅವಳ ಕಾಲಲ್ಲಿ ಚಪ್ಪಲಿ ಇತ್ತು.

"ಗೆದ್ವಿ ಅಕ್ಕಾ. ಇನ್ನು ಯಾರೂ ನಿನ್ನನ್ನ ಇಲ್ಲಿಂದ ಅಲ್ಲಾಡ್ಸೋಕಾಗಲ್ಲ. ಇನ್ನೈದು ವರ್ಷ ಈ ಮನೆ ನಿಂದೇ."

"ಕೇಳಿಸ್ತು."

"ಹೋ, ಟೀಚರು ಕೂಗಿದ್ದು ಕೇಳಿಸ್ತಾ?"

"ಎಲ್ಲಾ ಕೇಳಿಸ್ತು. ಮಗು ಥರ ಅಂದದ್ದು, ಕಪ್ಪು ಬಿಳುಪು ಗೊತ್ತಿಲ್ಲ ಅಂದದ್ದು, ಎಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಬೆಡ್‌ಶೀಟು ನಾನೇ ಹಾಕಿದ್ದು ಕಣೋ."

"ಗೊತ್ತಲ್ಲಕ್ಕಾ. ಪಾಪ, ಕಾಣದೆ..."

"ಕಾಣದೆ ಅಲ್ಲ. ಕುರ್ಚಿ ಮೇಲಿದ್ದ ನಿನ್ನ ನೀಲಿ ಟವೆಲು ತೆಗೆದು ಮಡಚಿ ಬೀರುವಿನಲ್ಲಿಟ್ಟೆ. ಆಮೇಲೆ ಬಿಳಿ ಬೆಡ್‌ಶೀಟು ಹುಡುಕಿ ತೆಗೆದು ಮುಂದೆ ಹಾಕಿದೆ. ಒಗೆದೂ ಇರ್ಲಿಲ್ಲ ಅದನ್ನ. ನೀನು ಮುಟ್ಟಿದೆಯಲ್ಲ, ಒದ್ದೆ ಇತ್ತಾ?"

ಹಲ್ಲಣ್ಣ ಕೈ ನೋಡಿಕೊಂಡ. ಒದ್ದೆ ಇರಲಿಲ್ಲ. ಹಗಲಿಡೀ ಅದು ಅವನಿಗೆ ಹೊಳೆದಿರಲಿಲ್ಲ.

"ಬಣ್ಣ ಹೇಗೆ..."

"ಹನ್ನೊಂದು ವರ್ಷದಿಂದ ನಿನ್ನ ಅಂಗಿಗೆ ಒಪ್ಪೋ ಪ್ಯಾಂಟು ತೆಗೆದಿಡ್ತಿರೋದು ಯಾರು? ಒಂದು ದಿನ ತಪ್ಪಿದೀನಾ? ಒಂದೊಂದು ಬಟ್ಟೆಗೂ ಒಂದೊಂದು ಹೊಲಿಗೆ, ಒಂದೊಂದು ಸವಕಲು. ಈ ಮನೇಲಿ ಕಣ್ಣು ಕಾಣದಿರೋದು ನಂಗೊಬ್ಬಳಿಗೇ ಅಂತ ಯಾರು ಹೇಳಿದ್ದು ನಿಂಗೆ?"

ಅವನು ಮಂಚದ ಕಾಲಿಗೆ ಹೆಬ್ಬೆರಳು ಬಡಿದುಕೊಂಡು ಕುರ್ಚಿಯಲ್ಲಿ ಕುಸಿದ. "ಯಾಕಕ್ಕಾ? ಈ ಮನೆ ನಿಂಗೆ ಅಂಗೈ ಇದ್ದ ಹಾಗಲ್ವಾ? ಒಂದೊಂದು ಹೆಜ್ಜೆನೂ ಗೊತ್ತು."

"ಅದಕ್ಕೇ. ಬಾಯಿಪಾಠ ಆಗಿಹೋಗಿದೆ ಕಣೋ. ಬಾಯಿಪಾಠ ಆದದ್ದನ್ನ ದಿನಾ ಬೆಳಗ್ಗೆ ಎದ್ದು ಒಪ್ಪಿಸ್ತಾ ಕೂರೋಕೆ ಯಾರಿಗೆ ಇಷ್ಟ? ಒಂಬತ್ತು ಹೆಜ್ಜೆ, ಹದಿಮೂರು ಹೆಜ್ಜೆ, ಗೋಡೆ. ಆ ಟೈಯವನು ಹೋದ ತಿಂಗಳು ಮೆಟ್ಟಿಲಲ್ಲಿ ಹೇಳ್ತಿದ್ದ, ವಯಸ್ಸಾದೋರಿಗೆ, ಕಣ್ಣಿಲ್ಲದೋರಿಗೆ ಬಸ್‌ಸ್ಟ್ಯಾಂಡ್ ಎದುರು ನೆಲದ ಮಟ್ಟದ ಮನೆ ಕೊಡ್ತೀವಿ ಅಂತ. ಬಾಗಿಲು ತೆಗೆದ್ರೆ ಜನ. ಯಾರೋ ಜಗಳ ಆಡ್ತಿರ್ತಾರೆ, ಯಾರಿಗೋ ಬಸ್ಸು ತಪ್ಪಿರತ್ತೆ, ಯಾರೋ ದಾರಿ ಕೇಳ್ತಾರೆ. ನಾನು ಗೊತ್ತಿಲ್ಲ ಅಂತಿದ್ದೆ. ಗೊತ್ತಿಲ್ಲ ಅಂತ ನಾನು ಅಂದು ಎಷ್ಟು ವರ್ಷ ಆಯ್ತು ಗೊತ್ತಾ?"

"ಹೇಳ್ಬಾರ್ದಾಗಿತ್ತಾ ಒಂದು ಮಾತು?"

"ಬೆಳಗ್ಗೆ ಎರಡು ಸಲ ಬಾಯಿ ತೆಗೆದೆ. ಸಂಜೆ ಒಂದು ಸಲ."

ಹಲ್ಲಣ್ಣ ಎದ್ದವನೇ ಮೆಟ್ಟಿಲಿಗೆ ಓಡಿದ. ಕೆಳಗೆ ಟೀಚರು ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಟೀಚರ್! ಇನ್ನೊಂದು... ಇನ್ನೊಂದು ಸಲ ಎಣಿಸೋಕಾಗುತ್ತಾ?"

ಟೀಚರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಕೈಗಡಿಯಾರ ತೋರಿಸಿದರು. ಆರು ಹತ್ತು. ಎದುರು ಮನೆಯೊಳಗಿಂದ ಅಧ್ಯಕ್ಷರ ಸ್ವರಗಳು, ಅದರ ಹಿಂದೆ ಹೆಂಡತಿಯ ನಗು ಕೇಳಿಬಂತು.

ಅವನು ಮತ್ತೆ ಮೇಲೆ ಬಂದ. ಈ ಸಲ ಒಂದೊಂದೇ ಮೆಟ್ಟಿಲು. ಅಕ್ಕ ಹಾಗೆಯೇ ಕೂತಿದ್ದಳು. ಅವನು ಅವಳ ಮುಂದೆ ನೆಲದ ಮೇಲೆ ಮಂಡಿಯೂರಿದ.

"ತಪ್ಪಾಯ್ತಕ್ಕಾ. ಚಿಲಕ ಕಿತ್ತುಹಾಕ್ತೀನಿ. ದಿನಾ ಸಂಜೆ ನಾನೇ ನಿನ್ನನ್ನ ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋಗ್ತೀನಿ. ಒಂದು ಗಂಟೆ ಕೂತ್ಕೊಂಡು ಬರೋಣ. ಈಗ್ಲೇ ಹೋಗೋಣ, ಹೇಗೂ ಚಪ್ಪಲಿ ಹಾಕ್ಕೊಂಡಿದೀಯ. ಏಳು, ನನ್ನ ಕೈ ಹಿಡ್ಕೋ. ಗಟ್ಟಿಯಾಗಿ ಹಿಡ್ಕೊಂಡ್ರೆ ಬೀಳಲ್ಲ."

ಅವನು ಕೈ ಚಾಚಿದ. ಅದೂ ಅವಳಿಗೆ ಬಾಯಿಪಾಠವೇ, ಎಲ್ಲಿದೆಯೆಂದು ಯಾರೂ ಹೇಳಬೇಕಿರಲಿಲ್ಲ. ಅವಳು ಬಗ್ಗಿ, ಒಂದರ ಹಿಂದೊಂದು ಚಪ್ಪಲಿ ಕಳಚಿ, ಜೋಡಿಸಿ ಮಂಚದ ಕೆಳಗೆ ಸರಿಸಿದಳು.

"ಬೇಡ," ಎಂದಳು.